ಕೌದಿಯ ಸೊಟ್ಟ ಹೊಲಿಗೆ

“ಗುರುಗಳೇ, ಬೈಬಲ್ ದೇವರ ಮಾತು ಎಂದು ನಂಬಿ ಬೆಳೆದವನು ನಾನು. ಈಗ ಓದಿದಷ್ಟೂ ಅದರಲ್ಲಿ ಮನುಷ್ಯರ ಕೈಗಳೇ ಕಾಣುತ್ತಿವೆ. ಯಾರು ಬರೆದರು ಎಂದು ಹುಡುಕುತ್ತ ಹೋದರೆ ಕೊನೆಗೆ ದೇವರು ಉಳಿಯುತ್ತಾನೆಯೇ?”

ಹೀಗೆ ಕೇಳಿದವನು ಬಸ್ತ್ಯಾಂವ. ಕೆಲವು ದಿನಗಳಿಂದ ಅವನಿಗೆ ಪ್ರಾರ್ಥನೆಗೆ ಕೂತರೆ ತುಟಿಯೇ ಅಲುಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಕೂತವನಿಗೆ ಊರು ಯಾವಾಗಲೂ ದೂರವೇ ಎಂದು ಗುರುಗಳು ನಕ್ಕು, ಕತೆ ಹೇಳಿದರು.

ಒಬ್ಬ ಹುಡುಗಿಗೆ, ಅವಳು ಕೂಸಾಗಿದ್ದಾಗಲೇ ತೀರಿಕೊಂಡ ತಾಯಿ ಬಿಟ್ಟುಹೋದದ್ದು ಒಂದು ಕೌದಿ ಮಾತ್ರ, ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ. ಅವ್ವನೇ ಹೊಲಿದದ್ದು ಎಂದು ಅವಳ ನಂಬಿಕೆ. ಹೊದ್ದು ಮಲಗಿದರೆ, ಹೊಲಿಗೆಯ ಸಾಲುಗಳ ಮೇಲೆ ಅವ್ವನ ಬೆರಳು ನಡೆದಾಡಿದಂತೆ ಕನಸು ಬೀಳುತ್ತಿತ್ತು. ಮುಖ ಎಂದೂ ಕಾಣುತ್ತಿರಲಿಲ್ಲ.

ಕೌದಿಯನ್ನು ಬಿಸಿಲಿಗೆ ಹಾಕಿದ್ದಾಗ ನೆರೆಯವಳೊಬ್ಬಳು ನೋಡಿ, ಇದು ಒಬ್ಬರ ಕೈಯಲ್ಲ ಎಂದಳು. ಹುಡುಗಿ ಕಣ್ಣಿಟ್ಟು ನೋಡಿದಳು. ನಿಜ. ಒಂದು ಕಡೆ ಹೊಲಿಗೆ ಸಣ್ಣ, ಇನ್ನೊಂದು ಕಡೆ ದೊಡ್ಡದು, ನಡುವೆ ಸೊಟ್ಟ. ಅವಳಿಗೆ ಅವ್ವ ಇನ್ನೊಂದು ಸಲ ಸತ್ತಂತಾಯಿತು. ಕೌದಿಯನ್ನು ಅಟ್ಟಕ್ಕೆಸೆದು ಚಳಿಯಲ್ಲೇ ಮಲಗಿದಳು. ಕನಸು ಬೀಳುವುದು ನಿಂತಿತು.

ಚಳಿ ತಡೆಯದೆಯೋ ಸಿಟ್ಟು ತಡೆಯದೆಯೋ, ಒಂದು ದಿನ ಅದನ್ನು ಹೆಗಲಿಗೆ ಹಾಕಿಕೊಂಡು, ಯಾರ ಹೊಲಿಗೆ ಎಂದು ಕೇಳುತ್ತ ಕೇರಿ ತಿರುಗಿದಳು. ಸಣ್ಣ ಹೊಲಿಗೆ ಹಾಕಿದವಳು ಆಗ ಬಾಣಂತಿ. ತೊಡೆಯ ಮೇಲಿನ ಮಗು ಏಳದಂತೆ ಮೆಲ್ಲಗೆ ಹೊಲಿದಿದ್ದಳು. ಸೊಟ್ಟ ಹೊಲಿಗೆ ಒಬ್ಬ ಮುದುಕಿಯದು. ಮಗನನ್ನು ಮಣ್ಣು ಮಾಡಿ ಬಂದ ದಿನಗಳು, ಕಣ್ಣೀರಲ್ಲಿ ದಾರವೇ ಕಾಣುತ್ತಿರಲಿಲ್ಲ ಎಂದಳು. ಅವಸರದ ಕೆಲಸವೆಂದು ಹುಡುಗಿ ಅಷ್ಟು ದಿನ ಮೂಗು ಮುರಿದದ್ದು ಅದೇ ಸಾಲಿಗೆ. ಅದನ್ನು ಸವರುತ್ತ ಅವಳು ಅತ್ತಳು. ಆಮೇಲೆ ಮುದುಕಿಯನ್ನು ಕೇಳಿದಳು:

“ಹಂಗಾರ ನಮ್ಮವ್ವ ಏನ್ ಹೊಲಿದ್ಲು?”

“ನಿಮ್ಮವ್ವಗ ಸೂಜಿ ಹಿಡಿಯೋ ತ್ರಾಣ ಎಲ್ಲಿತ್ತವಾ? ಗ್ವಾಡಿ ಹಿಡಕೊಂಡು ಮನಿಮನಿಗೆ ಬಂದ್ಲು. ತನ್ನ ಸೀರಿ ಹರಿದು ಕೊಟ್ಲು. ನನ್ನ ಮಗಳಿಗೆ ಚಳಿ ಆಗಬಾರದು ಅಂದ್ಲು. ನಾವು ಹೊಲಿದು ಮುಗಿಸೂತನಕ ನಮ್ಮ ಮಗ್ಗಲ ಬಿಟ್ಟು ಏಳಲಿಲ್ಲ.”

ಹುಡುಗಿ ಮನೆಗೆ ಬಂದು ಕೌದಿ ಹೊದ್ದು ಮಲಗಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬಸ್ತ್ಯಾಂವನಿಗೆ ತಡೆಯಲಾಗಲಿಲ್ಲ. ಅವತ್ತು ಅವಳಿಗೆ ಕನಸು ಬಿತ್ತೇ ಎಂದು ಕೇಳಿದ.

“ಬಿತ್ತು. ಬೆರಳುಗಳೆಲ್ಲ ಕೇರಿಯ ಹೆಂಗಸರವು. ಮೊದಲ ಸಲ ಕಂಡ ಮುಖ ಮಾತ್ರ ಅವ್ವನದು.”