ವಕೀಲ ಬರೆಯಲಾಗದ ಬೀಸುವ ಪದ

ದಣಿದು ಬಂದು ಕುಳಿತ ಶಿಷ್ಯ ಕೇಳಿದ: “ಗುರುಗಳೇ, ಹಗಲೆಲ್ಲ ಹೊಟ್ಟೆಪಾಡಿಗಾಗಿ ಮನಸ್ಸೊಪ್ಪದ ಕೆಲಸ ಮಾಡುತ್ತೇನೆ. ಸಂಜೆ ಮಾಡುವ ಒಳ್ಳೆಯ ಕೆಲಸ ಅದನ್ನು ತೊಳೆಯುವುದಿಲ್ಲವೇ?”

ಗುರುಗಳು ಹೇಳಿದರು:

ಸ್ಕಾಟ್ಲೆಂಡ್ ಎಂಬ ಚಳಿನಾಡಿನಲ್ಲಿ ಒಬ್ಬ ವಕೀಲನಿದ್ದ. ಅಲ್ಲಿಯ ಜಮೀನುದಾರರು ಆಗ ಕಣಿವೆಗಳ ಒಕ್ಕಲುಗಳನ್ನು ಎಬ್ಬಿಸಿ ಕುರಿ ಸಾಕುತ್ತಿದ್ದರು. ಎಬ್ಬಿಸುವ ನೋಟೀಸು ಬರೆದು ರುಜು ಹಾಕುವುದು ವಕೀಲನ ಕೆಲಸ. ಅವನಿಗೆ ಹಿಡಿಸಿದ ಕೆಲಸವಲ್ಲ. ಕಾನೂನೇ ಹಾಗಿದೆ, ತಾನು ಬಿಟ್ಟರೆ ಇನ್ನೊಬ್ಬ ಬರೆಯುತ್ತಾನೆ ಎಂದು ಹೆಂಡತಿಗೆ ಹೇಳುತ್ತಿದ್ದ.

ಹಳೆಯದೆಂದರೆ ಅವನಿಗೆ ಪ್ರಾಣ. ಕಣಿವೆ ಬರಿದಾದ ಮೇಲೆ ಅಲ್ಲಿಗೆ ಹೋಗಿ, ಜನ ಬಿಟ್ಟುಹೋದ ದೀಪ, ತೊಟ್ಟಿಲು, ಬೀಸುವ ಕಲ್ಲುಗಳನ್ನು ಗಾಡಿಯಲ್ಲಿ ಹೇರಿ ತರುತ್ತಿದ್ದ. ಚದುರಿಹೋದವರನ್ನು ಹುಡುಕಿ ಅವರ ಹಾಡುಗಳನ್ನು ಕೇಳಿ ಬರೆದಿಡುತ್ತಿದ್ದ. ವಿದ್ವಾಂಸರು ಹೊಗಳಿದರು. ವಯಸ್ಸಾಯಿತು, ಹೊಗಳಿಕೆಯೂ ಬೇಸರ ತಂದಿತು. ಒಂದು ಕಣಿವೆಯ ಬೀಸುವ ಪದ ಮಾತ್ರ ಸಿಕ್ಕಿರಲಿಲ್ಲ. ಅದೊಂದು ಸಿಕ್ಕರೆ ಇನ್ನು ಸಾಕು ಎಂದುಕೊಂಡ.

ಆ ಕಣಿವೆಯ ಮುದುಕಿಯೊಬ್ಬಳು ಪಟ್ಟಣದಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದಳು. ವಕೀಲ ಅವಳನ್ನು ಕರೆಸಿ, ಬೆಂಕಿಯ ಬಳಿ ಕೂರಿಸಿ, ಹಾಡಲು ಕೇಳಿದ. ಸುಮ್ಮನೆ ಕೂತರೆ ಬರುವುದಿಲ್ಲ ಎಂದಳು. ಅವನೇ ಒಂದು ಬೀಸುವ ಕಲ್ಲನ್ನು ಎಳೆದು ತಂದು ಕಾಳು ಹಾಕಿದ. ಅವಳು ಗೂಟ ಹಿಡಿದು ತಿರುಗಿಸುತ್ತ ಒಂದು ಸಾಲು ಹಾಡಿದಳು. ಆಮೇಲೆ ಕೈ ನಿಲ್ಲಿಸಿದಳು. ವಕೀಲ ಲೇಖನಿ ಹಿಡಿದು ಕಾದ.

“ಯಾಕಮ್ಮ, ಮರೆತುಹೋಯಿತೇ?”

“ನನ್ನ ಸಾಲು ಮರೆತಿಲ್ಲ ಸ್ವಾಮಿ. ಇದು ಇಬ್ಬರು ಎದುರುಬದುರು ಕೂತು ಹಾಡುವ ಪದ. ಮುಂದಿನ ಸಾಲು ಪಕ್ಕದ ಮನೆಯವಳದು. ಅವಳಿದ್ದಾಗ ನಾನೇಕೆ ಅದನ್ನು ಕಲಿಯಬೇಕಿತ್ತು? ನೋಟೀಸು ಬಂದ ವರ್ಷ ಅವಳು ಹೊರದೇಶಕ್ಕೆ ಹೋಗುವ ಹಡಗು ಹತ್ತಿದಳು. ದಡ ಮುಟ್ಟಲಿಲ್ಲವಂತೆ.”

ನೋಟೀಸಿನ ಕೆಳಗಿದ್ದ ರುಜು ಯಾರದೆಂದು ಮುದುಕಿಗೆ ಗೊತ್ತಿರಲಿಲ್ಲ. ವಕೀಲನಿಗೆ ಗೊತ್ತಿತ್ತು. ಅವಳನ್ನು ಗಾಡಿಯಲ್ಲಿ ಮನೆಗೆ ಕಳಿಸಿ, ಬಂದು ಕಲ್ಲಿನ ಮುಂದೆ ಕುಳಿತ. ಅಷ್ಟು ವರ್ಷಗಳ ಆಯಾಸ ಒಮ್ಮೆಲೇ ಮೈಮೇಲೆ ಬಿದ್ದಂತಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ವಕೀಲ ಏನು ಮಾಡಿದನೆಂದು ಶಿಷ್ಯ ಮೆಲ್ಲಗೆ ಕೇಳಿದ.

“ಬೆಳಿಗ್ಗೆ ಕಚೇರಿಗೆ ಹೋಗಿ, ಪಕ್ಕದ ಕಣಿವೆಯ ನೋಟೀಸಿಗೆ ರುಜು ಹಾಕಿದ.”