ಹಾಡಿನ ಎರಡು ಪ್ರತಿ

ಗಣಕಯಂತ್ರಗಳ ದುರಸ್ತಿ ಕಲಿಸುತ್ತಿದ್ದ ಗುರುವನ್ನು ಶಿಷ್ಯೆ ಸುಗಂಧಿ ಕೇಳಿದಳು: "ಒಂದು ಡಿಸ್ಕ್ ನಮ್ಮ ಕೋಣೆಯಲ್ಲಿದೆ, ಅದರ ಜೋಡಿ ನೆಟ್‌ವರ್ಕಿನ ಆ ತುದಿಯಲ್ಲಿದೆ. ಬರೆದದ್ದೆಲ್ಲ ಎರಡಕ್ಕೂ ಹೋಗಬೇಕು. ನಡುವೆ ಸಂಪರ್ಕ ಕಡಿದು ಎರಡರಲ್ಲೂ ಬೇರೆ ಬೇರೆ ಮಾಹಿತಿ ಉಳಿದರೆ ಏನು ಮಾಡಬೇಕು, ಗುರುಗಳೇ?"

ಗುರು ಒಂದು ಕತೆ ಹೇಳಿದರು.

ಹಾಡುಗಳನ್ನು ಸಂಗ್ರಹಿಸುವವನೊಬ್ಬನಿದ್ದ. ಅವನಿಗೆ ಒಬ್ಬ ಮುದುಕಿ ಸಿಕ್ಕಳು. ಬಹಳ ದೊಡ್ಡದೊಂದು ಕಥನಗೀತೆ ಅವಳ ಬಾಯಲ್ಲಿತ್ತು. ಅದನ್ನು ಪೂರ್ತಿ ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಅವಳು ದಿನಕ್ಕಿಷ್ಟು ಹಾಡುವಳು. ಅವನು ಧ್ವನಿಮುದ್ರಿಸಿಕೊಂಡು ಮನೆಗೆ ಬಂದು ಯಂತ್ರಕ್ಕೆ ತುಂಬಿ, ಮರುದಿನಕ್ಕೆಂದು ರೆಕಾರ್ಡರನ್ನು ಖಾಲಿ ಮಾಡುವನು. ಒಂದು ಡಿಸ್ಕ್ ಮನೆಯಲ್ಲಿತ್ತು, ಅದರ ಜೋಡಿ ದೂರದ ಗ್ರಂಥಾಲಯದಲ್ಲಿ. ಎರಡು ಕಡೆ ಇದೆಯೆಂದು ಅವನು ನಿಶ್ಚಿಂತನಾಗಿದ್ದ.

ರಸ್ತೆ ಅಗೆಯುವವರು ಒಂದು ದಿನ ಕೇಬಲ್ ಕಡಿದರು. ದೂರದ ಡಿಸ್ಕಿನ ಸಂಪರ್ಕ ತಪ್ಪಿದೆಯೆಂದು ಯಂತ್ರ ಎಚ್ಚರಿಕೆ ಕೊಟ್ಟಿತು. ಹಾಡಿನ ಗುಂಗಿನಲ್ಲಿದ್ದವನು ಅದನ್ನು ಓದಿ ಮುಚ್ಚಿದ. ಮುಂದಿನ ಹನ್ನೊಂದು ದಿನದ ಹಾಡು ಮನೆಯ ಡಿಸ್ಕಿನಲ್ಲಿ ಮಾತ್ರ ಸೇರಿತು. ಹನ್ನೊಂದನೆಯ ದಿನ ಹಾಡು ಮುಗಿಯಿತು.

ಆಮೇಲೆ ಕೇಬಲ್ ಸರಿಹೋಯಿತು. ತಪ್ಪಿದ ಹಾಡು ಆ ತುದಿಗೆ ಹೋಗುವ ಮೊದಲೇ ಒಮ್ಮೆ ಕರೆಂಟ್ ಹೋಗಿ ಬಂತು. ಯಂತ್ರ ಮತ್ತೆ ಏಳುವಾಗ ಮನೆಯ ಡಿಸ್ಕ್ ಸಕಾಲಕ್ಕೆ ಎಚ್ಚರಗೊಳ್ಳಲಿಲ್ಲ. ಯಂತ್ರ ದೂರದ ಡಿಸ್ಕನ್ನೇ ನೆಚ್ಚಿ ಎದ್ದಿತು. ಮನೆಯದು ಜೋಡಿಯಿಂದ ಹೊರಬಿದ್ದಿದೆ ಎಂದು ತೆರೆಯ ಮೇಲೆ ಬಂತು. ಕೆಟ್ಟದ್ದು ಮನೆಯ ಡಿಸ್ಕೇ ಎಂದುಕೊಂಡು ಅವನು ಅದನ್ನು ಮರಳಿ ಸೇರಿಸಲು ಆಜ್ಞೆ ಕೊಟ್ಟ. ಯಂತ್ರ ದೂರದ ಪ್ರತಿಯನ್ನು ಮನೆಯದರ ಮೇಲೆ ಬರೆಯತೊಡಗಿತು. ಶೇಕಡಾ ಅಂಕಿ ಏರುವುದನ್ನು ನೋಡುತ್ತ ಅವನ ಮನಸ್ಸು ಹಗುರಾಯಿತು. ಸಂಜೆಗೆ ಎರಡೂ ಸರಿಯಾಗಿವೆ ಎಂದು ಬಂತು. ತೆರೆದು ನೋಡಿದರೆ, ಕೇಬಲ್ ಕಡಿದ ದಿನಕ್ಕೇ ಹಾಡು ನಿಂತಿತ್ತು. ಎರಡು ಕಡೆಯೂ.

ಮರುದಿನ ಬೆಳಿಗ್ಗೆಯೇ ಅವನು ಮುದುಕಿಯ ಮನೆಗೆ ಹೋದ. ಇನ್ನೊಮ್ಮೆ ಹಾಡೆಂದು ಕಾಲು ಹಿಡಿಯುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಆದರೆ ಮೂರು ದಿನದ ಹಿಂದೆ ಅವಳಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಇವನನ್ನು ಕಂಡು ಅವಳ ತುಟಿ ಅಲುಗಿತು, ದನಿ ಬರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಮಗಳು ಕಣ್ಣೊರೆಸಿಕೊಂಡಳು. "ಅವ್ವ ಹಾಡಿದ್ದೆಲ್ಲ ನಿಮ್ಮ ಹತ್ರ ಐತಲ್ಲ ಅಣ್ಣಾ, ನಮಗದೇ ಸಮಾಧಾನ."

ಅವನು ಎದ್ದುಬಂದ. ಆ ಊರಿಗೆ ಮತ್ತೆ ಹೋಗಲಿಲ್ಲ.

ಸುಗಂಧಿ ಕೇಳಿದಳು: "ಆಜ್ಞೆ ಕೊಡುವ ಮೊದಲು ಅವನು ಏನು ಮಾಡಬೇಕಿತ್ತು?"

"ಎರಡನ್ನೂ ಬೇರೆ ಬೇರೆಯಾಗಿ ತೆರೆದು, ಆ ತಾಯಿ ಹಾಡಿದ್ದು ಯಾವುದರಲ್ಲಿ ಕೊನೆಯವರೆಗೂ ಇದೆಯೆಂದು ಒಮ್ಮೆ ಕೂತು ಕೇಳಬೇಕಿತ್ತು," ಎಂದರು ಗುರು.