ವರ್ಷಕ್ಕೊಮ್ಮೆಯಾದರೂ

"ಗುರುಗಳೇ, ಇದರಲ್ಲಿ ನನ್ನ ತಪ್ಪೇನು?" ಎಂದು ಶಿಷ್ಯ ತನ್ನ ಹಲಗೆಯನ್ನು ಮುಂದೆ ಹಿಡಿದ.

'ಬುಟ್ಟಿಯಲ್ಲಿ ಒಂದು ಹಣ್ಣಾದರೂ ಇರಬೇಕು' ಎಂಬ ಮಾತನ್ನು ಗಣಿತದ ಚಿಹ್ನೆಯಲ್ಲಿ ಬರೆಯುವುದು ಅಂದಿನ ಪಾಠ. ಶಿಷ್ಯ 'ಒಂದಕ್ಕೆ ಸಮ' ಎಂದು ಬರೆದಿದ್ದ. ಗುರುಗಳು ಅದನ್ನು ಹೊಡೆದುಹಾಕಿ, 'ಒಂದಕ್ಕೆ ಸಮ ಅಥವಾ ಹೆಚ್ಚು' ಎನ್ನುವ ಚಿಹ್ನೆ ಹಾಕಿದ್ದರು.

"ಒಂದು ಹಣ್ಣಿಟ್ಟರೆ ಮಾತು ನಡೆಸಿದಂತಾಯಿತಲ್ಲ? ಹೆಚ್ಚಿನದರ ಗೊಡವೆ ಏಕೆ?"

"ವಾದವೇನೋ ಗಟ್ಟಿಯಾಗಿದೆ. ಕೂತುಕೋ," ಎಂದು ಗುರುಗಳು ಕತೆ ತೆಗೆದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಳತೆಯಲ್ಲಿ ಯಾರಿಗೂ ಒಂದು ಬೆರಳು ಕಡಿಮೆ ಕೊಟ್ಟವನಲ್ಲ, ಒಂದು ಬೆರಳು ಹೆಚ್ಚಿಗೆ ಬಿಟ್ಟವನೂ ಅಲ್ಲ. ತಾಯಿ ಸಾಯುವಾಗ ಅವನ ಕೈ ಹಿಡಿದು, "ವರ್ಷಕ್ಕೊಮ್ಮೆಯಾದರೂ ತಂಗಿಯನ್ನು ನೋಡಿಕೊಂಡು ಬಾರಪ್ಪಾ. ಅವಳಿಗೆ ಇನ್ನು ತವರೆಂದರೆ ನೀನೇ," ಎಂದಳು. ಅವನು ಆಗಲೆಂದ.

ಹೇಳಿದಂತೆಯೇ ನಡೆದುಕೊಂಡ. ಪ್ರತಿ ಗೌರಿ ಹಬ್ಬಕ್ಕೆ ಸೀರೆ, ಬಾಗಿನ ಹೊತ್ತು ತಂಗಿಯ ಊರಿಗೆ ಹೋಗುತ್ತಿದ್ದ. ಎಂಥ ಮಳೆ ಬಂದರೂ ತಪ್ಪಿಸಲಿಲ್ಲ. ಊಟ ಮುಗಿಸಿ ಸಂಜೆಯೊಳಗೆ ಹೊರಟುಬಿಡುತ್ತಿದ್ದ. ತಂಗಿ ಊರ ಬಾವಿಯವರೆಗೆ ಬಂದು ನಿಲ್ಲುತ್ತಿದ್ದಳು. ಮತ್ತೆ ಯಾವಾಗ ಬರುತ್ತೀ ಎಂದು ಅವಳು ಕೇಳುತ್ತಿರಲಿಲ್ಲ. ಕೇಳಿ ಆಗಬೇಕಾದ್ದೇನೂ ಇರಲಿಲ್ಲ, ಪಾಪ.

ಒಂದು ವರ್ಷ ಅವನು ಹಬ್ಬಕ್ಕೆ ಹೋಗಿ ಬಂದು ಕೆಲವು ತಿಂಗಳು ಕಳೆದಿತ್ತು. ಊರೂರು ತಿರುಗುವ ಬಳೆಗಾರ ಅಂಗಡಿಗೆ ಬಂದ.

"ನಿಮ್ಮ ತಂಗಿಗೆ ಬಳೆ ತೊಡಿಸಿ ಬಂದೆ, ಯಜಮಾನರೇ. ಆಯಮ್ಮ ತುಂಬಾ ಸೊರಗಿದ್ದಾರೆ. ಚಿಕ್ಕ ಹುಡುಗಿಯರ ಬಳೆ ಕೈಗೆ ಸಲೀಸಾಗಿ ಏರಿತು. ಅಣ್ಣ ಒಂದು ಸಲ ಬಂದು ಹೋಗಲಿ ಅಂದರು."

ವ್ಯಾಪಾರಿ ಬಟ್ಟೆ ಅಳೆಯುವುದನ್ನು ನಿಲ್ಲಿಸಿದ. ದಿನವೆಲ್ಲ ಅಳೆಯುವವನಿಗೆ ಆ ಬಳೆಯ ಅಳತೆ ತಿಳಿಯದೇನು? ಆದರೂ, 'ಈ ವರ್ಷದ್ದು ಆಗಿದೆಯಲ್ಲ, ಬರುವ ಗೌರಿಗೆ ಹೋದರಾಯಿತು,' ಎಂದುಕೊಂಡ. ಅಂಗಡಿಯಲ್ಲೇ ಒಳ್ಳೆಯ ಸೀರೆಯೊಂದನ್ನು ಆರಿಸಿ ಅವಳಿಗೆಂದು ತೆಗೆದಿಟ್ಟ. ಅಷ್ಟಕ್ಕೇ ಅವನ ಮನಸ್ಸು ಹಗುರಾಯಿತು.

ಗೌರಿ ಬರುವ ಮೊದಲೇ ತಂಗಿ ತೀರಿಕೊಂಡ ಸುದ್ದಿ ಬಂತು. ತೆಗೆದಿಟ್ಟ ಸೀರೆ ಹಿಡಿದು ಅವನು ಓಡಿದ. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸಿಯೇ ಕಳಿಸಬೇಕು. ಅವಳನ್ನು ಅಣ್ಣನಿಗಾಗಿ ಕಾಯಿಸಿದ್ದರು. ಹೊದಿಸುವಾಗ ಅವಳ ಕೈ ಕಂಡಿತು. ಕೈಯಲ್ಲಿ ಆ ಪುಟ್ಟ ಬಳೆಗಳಿದ್ದವು. ಅವನು ಆ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. "ಅವ್ವನಿಗೆ ಕೊಟ್ಟ ಮಾತು ನಾನು ತಪ್ಪಿಲ್ಲ, ಒಂದು ವರ್ಷವೂ ತಪ್ಪಿಲ್ಲ," ಎಂದು ಹೇಳುತ್ತಲೇ ಇದ್ದ. ಸುತ್ತ ಕೂತ ಹೆಂಗಸರು ತಲೆ ತಗ್ಗಿಸಿದರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ಹಲಗೆಯತ್ತ ನೋಡಲಾಗಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ: "ಹಾಗಾದರೆ ಅವನು ಮಾತಿಗೆ ತಪ್ಪಿದನೇ, ಗುರುಗಳೇ?"

"ಇಲ್ಲಪ್ಪಾ, ಆ ವರ್ಷವಂತೂ ಎರಡು ಸಲ ಹೋಗಿದ್ದ."